ಟೈ ರಾಡ್ ಟೂಲ್ ಕಿಟ್: ಕೆಲವು ವರ್ಷ ಬಳಸಿದ ಮೇಲೆ

ಟೈ ರಾಡ್ ಅಂದರೆ ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ತಲುಪಿಸುವ ಸಲಾಕೆ; ಅದರ ಒಳಭಾಗ ಇನ್ನರ್, ಚಕ್ರದ ಕಡೆಯ ತುದಿ ಹೊರಗಿನ ಎಂಡ್. ಈ ಕಿಟ್‌ನಲ್ಲಿ ಕೊಟ್ಟ ದುಡ್ಡಿಗೆ ಮೋಸ ಮಾಡದ ಸಾಮಾನು ಅಂದರೆ ಇನ್ನರ್ ಟೈ ರಾಡ್ ಬಿಚ್ಚುವ ಉದ್ದನೆ ಕೊಳವೆ. ಹೊರಗಿನ ಎಂಡನ್ನು ಸ್ಕ್ರೂ ಬಿಗಿ ಮಾಡಿ ಒತ್ತಿ ಬಿಡಿಸುವ ಪುಲ್ಲರ್ ಪರವಾಗಿಲ್ಲ. ಸಂದಿಗೆ ಬಡಿದು ಎಂಡ್ ಬಿಡಿಸುವ ಕವಲು ಬೆಣೆ, ಅಂದರೆ ಪಿಕಲ್ ಫೋರ್ಕ್, ಮೂಲೆ ಸೇರಿದೆ.

ಇನ್ನರ್ ಟೈ ರಾಡ್ ಕೂತಿರುವುದು ಸ್ಟೀರಿಂಗ್ ತಿರುಗಿಸಿದಾಗ ಪಕ್ಕಕ್ಕೆ ಸರಿಯುವ ಹಲ್ಲಿನ ಸಲಾಕೆಯಾದ ಸ್ಟೀರಿಂಗ್ ರ್‍ಯಾಕ್‌ನ ತುದಿಯಲ್ಲಿ, ರಬ್ಬರ್ ಬೂಟಿನ (ಧೂಳು ತಡೆಯುವ ಹೊದಿಕೆಯ) ಒಳಗೆ. ಬೂಟ್ ಸರಿಸಿದರೆ ಸ್ಪ್ಯಾನರ್ ಹೇಗೋ ತೂರುತ್ತದೆ, ತಿರುಗಿಸೋಕೆ ಜಾಗವೇ ಇರಲ್ಲ. ಹೊರಗಿನ ಎಂಡ್ ಮತ್ತು ಲಾಕ್ ನಟ್ ತೆಗೆದು ಈ ಕೊಳವೆಯನ್ನು ರಾಡ್ ಮೇಲೆ ತೂರಿಸಿದರೆ, ಕೊಳವೆಯ ಮುಂತುದಿಗೆ ಸಿಕ್ಕಿಸುವ ಸ್ಪ್ಯಾನರ್ ಬಾಯಿ, ಅಂದರೆ ಕ್ರೋಫುಟ್, ಇನ್ನರ್ ಟೈ ರಾಡ್ ಜಾಯಿಂಟಿನ ಚಪ್ಪಟೆ ಅಂಚುಗಳನ್ನು ಹಿಡಿಯುತ್ತದೆ. ಹಿಂದೆ ಅರ್ಧ ಇಂಚಿನ ರ್‍ಯಾಚೆಟ್ ಹಾಕಿದರೆ ಆಯಿತು. ಕೊಳವೆ ರಾಡ್‌ನ ನೇರಕ್ಕೇ ಇರುವುದರಿಂದ ಬಿಗಿ ಮಾಡುವಾಗ ಟಾರ್ಕ್ ರೆಂಚ್ ತೋರಿಸುವ ಲೆಕ್ಕವನ್ನು ಹಾಗೇ ನಂಬಬಹುದು. ನನಗೆ ಇದೇ ಜಾಸ್ತಿ ಹಿಡಿಸಿದ್ದು.

ಆದರೆ ಎಲ್ಲ ಗಾಡಿಗೂ ಇದು ಆಗಲ್ಲ. ಕೆಲವದರಲ್ಲಿ ಜಾಯಿಂಟ್ ಪೂರ್ತಿ ದುಂಡಗೆ ಇರುತ್ತದೆ, ಚಪ್ಪಟೆ ಅಂಚೇ ಇಲ್ಲ. ಅಲ್ಲಿ ಎಷ್ಟು ಅಳತೆಯ ಕ್ರೋಫುಟ್ ಇದ್ದರೂ ಸುಮ್ನೆ. ಒಳಗೆ ರೋಲರ್ ಇರುವ ಟೂಲ್ ಬೇಕು, ಅದು ತಿರುಗಿಸಿದಷ್ಟೂ ಬಿಗಿಯಾಗಿ ಕಚ್ಚುತ್ತದೆ. ನಾನು ಅದನ್ನು ಬೇರೆಯಾಗಿ ತೆಗೆದುಕೊಂಡೆ. ಕೊಳ್ಳುವ ಮುಂಚೆ ನಿಮ್ಮ ಗಾಡಿಯ ಬೂಟ್ ಸರಿಸಿ ಒಂದು ಸಲ ನೋಡಿಬಿಡಿ.

ಕಿಟ್ ಜೊತೆ ಬಂದ ಕಾಗದದಲ್ಲಿ ಒಂದು ಮುಖ್ಯ ವಿಷಯವೇ ಇಲ್ಲ. ಬಿಚ್ಚುವಾಗ ರ್‍ಯಾಕ್ ತಿರುಗದ ಹಾಗೆ ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿಯಬೇಕು. ಇಲ್ಲದಿದ್ದರೆ ಆ ಜೋರೆಲ್ಲ ರ್‍ಯಾಕ್ ಮತ್ತು ಅದನ್ನು ಸರಿಸುವ ಪಿನಿಯನ್ ಗಾಲಿಯ ಹಲ್ಲುಗಳ ಮೇಲೆ ಬೀಳುತ್ತದೆ. ಎರಡು ನೂರು ಪದಗಳ ಸೂಚನೆಯಲ್ಲಿ ಇದಕ್ಕೊಂದು ಸಾಲು ಸಿಗಲಿಲ್ವಾ?

ಹೊರಗಿನ ಎಂಡ್ ಬಿಡಿಸೋಕೆ ಸ್ಕ್ರೂ ಪುಲ್ಲರ್ ಸಾಕು. ನಟ್ ಪೂರ್ತಿ ತೆಗೆಯಬೇಡಿ, ಒಂದೆರಡು ಸುತ್ತು ಹಾಗೇ ಬಿಡಿ. ತೂತಿನಲ್ಲಿ ಬಿಗಿಯಾಗಿ ಕೂತ ಎಂಡಿನ ಚೂಪು ಕಾಂಡ (ಟೇಪರ್) ಬಿಡುವಾಗ ಟಪ್ ಅಂತ ಎಗರುತ್ತದೆ, ನಟ್ ಇದ್ದರೆ ಎಂಡ್ ಅಲ್ಲೇ ನಿಲ್ಲುತ್ತದೆ. ತುಕ್ಕು ಹಿಡಿದಿದ್ದರೆ ಪುಲ್ಲರ್ ಬಿಗಿ ಮಾಡಿಟ್ಟು, ಎಂಡ್ ಕೂತಿರುವ, ಚಕ್ರ ಹಿಡಿದಿರುವ ಭಾಗವಾದ ಸ್ಟೀರಿಂಗ್ ನಕಲ್‌ನ ಪಕ್ಕಕ್ಕೆ ಸುತ್ತಿಗೆಯಿಂದ ಬಾರಿಸಿದರೆ ಬಿಡುತ್ತದೆ. ಸ್ಕ್ರೂಗೆ ಗ್ರೀಸ್ ಹಾಕುತ್ತಾ ಬಂದಿದ್ದೇನೆ, ಅದರ ಥ್ರೆಡ್ ಇನ್ನೂ ಸವೆದಿಲ್ಲ. ಪಿಕಲ್ ಫೋರ್ಕ್ ಎಂಡಿನ ರಬ್ಬರ್ ಬೂಟನ್ನು ಹರಿದುಹಾಕುತ್ತದೆ. ಹಳೇ ಎಂಡ್ ಬಿಸಾಡುವುದೇ ಆದರೆ ಮಾತ್ರ ಆ ಫೋರ್ಕನ್ನು ಹೊರಗೆ ತೆಗೆಯಿರಿ.

ಹಳೆಯದನ್ನು ಎಷ್ಟು ಸುತ್ತು ಬಿಚ್ಚಿದಿರೋ ಅಷ್ಟೇ ಸುತ್ತು ಹೊಸದನ್ನು ಹಾಕಿದರೂ ಟೋ ಅಳತೆ (ಚಕ್ರಗಳು ಎಷ್ಟು ಒಳಗೆ ಅಥವಾ ಹೊರಗೆ ತಿರುಗಿವೆ ಅನ್ನೋದು) ಪಕ್ಕಾ ಬರಲ್ಲ. ಅಲೈನ್‌ಮೆಂಟ್ ಮಾಡಿಸಲೇಬೇಕು. ಗಾಡಿ ಅಲ್ಲಿಯ ತನಕ ಓಡಿಸುವಷ್ಟು ನೆಟ್ಟಗಿರುತ್ತದೆ, ಅಷ್ಟೇ.

ದೂರು ಅಂದರೆ ಕ್ರೋಫುಟ್ ಹಿಡಿದಿಡುವ ಕ್ಲಿಪ್. ಅದರ ಬಿಗಿ ಹೋಗಿ ಈಗ ಕ್ರೋಫುಟ್ ಗಾಡಿ ಕೆಳಗೆ ಉದುರುತ್ತದೆ. ದಪ್ಪ ಗ್ರೀಸ್ ಮೆತ್ತಿ ಅಂಟಿಸಿಕೊಂಡು ಕೆಲಸ ಮಾಡುತ್ತಿದ್ದೇನೆ. ಕ್ಲಿಪ್ ಮಾತ್ರ ಬೇರೆ ಮಾರಿದರೆ ಇವತ್ತೇ ಕೊಳ್ಳುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್.