ಬಳೆ ತಿರುಗಿಸಿ ಕೀಲಿ ಕೊಡುವ ಕಾರ್ ಗಡಿಯಾರ: ನನ್ನ ವಿಮರ್ಶೆ

ನನ್ನ ಹತ್ತಿರ ಇರುವುದು ಹಳೇ ಸ್ವಿಸ್ ಗಡಿಯಾರ. ಡಯಲ್ ಮೇಲೆ ತಯಾರಕರ ಹೆಸರಿಲ್ಲ. ಫ್ರೆಂಚಿನಲ್ಲಿ '8 ದಿನ' ಎಂದಷ್ಟೇ ಬರೆದಿದೆ. ನಿಕ್ಕಲ್ ಲೇಪದ ಹಿತ್ತಾಳೆ ಡಬ್ಬಿ, ದಪ್ಪ ಗಾಜು. ಶುರುವಿನ ಕಾಲದ ಎಷ್ಟೋ ಕಾರುಗಳಿಗೆ ಗಡಿಯಾರ ಜೊತೆಗೆ ಬರುತ್ತಿರಲಿಲ್ಲ. ಬೇಕಾದವರು ಬೇರೆ ಕೊಂಡು ಡ್ಯಾಶ್‌ಬೋರ್ಡಿಗೆ ಸ್ಕ್ರೂ ಹಾಕಿ ಬಿಗಿಸಿಕೊಳ್ಳುತ್ತಿದ್ದರು. ಅಮೆರಿಕದ ವಾಲ್ಥಮ್, ಇಂಗ್ಲೆಂಡಿನ ಸ್ಮಿತ್ಸ್ ಕೂಡ ಕಾರ್ ಗಡಿಯಾರ ಮಾರಿದವರೇ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಕೀಲಿ ಕೊಡುವ ಬಗೆ. ಬೋರ್ಡಿಗೆ ಬಿಗಿಸಿದ ಮೇಲೆ ಹಿಂಬದಿಗೆ ಕೈ ಹೋಗೋದಿಲ್ಲ, ಅಲ್ವಾ? ಅದಕ್ಕೇ ಗಾಜಿನ ಸುತ್ತಲಿನ ಬಳೆಗೆ ಹಲ್ಲು ಹಲ್ಲಾಗಿ ಅಂಚು ಮಾಡಿದ್ದಾರೆ. ಬಳೆ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಪಕ್ಕದ ಸಣ್ಣ ಗುಂಡಿ ಒತ್ತಿ ಹಿಡಿದು ಅದೇ ಬಳೆ ತಿರುಗಿಸಿದರೆ ಮುಳ್ಳುಗಳು ಸರಿಯುತ್ತವೆ. ಗ್ಲೌಸ್ ಹಾಕಿದ ಕೈಗೂ ಸಲೀಸು. ಕೆಳಗೆ ಉದ್ದನೆಯ ತಿರುಪು ನೇತಾಡುವ ಗಡಿಯಾರಗಳೂ ಇವೆ. ಅವು ಮೊಣಕಾಲಿಗೆ ತಾಗುತ್ತವೆ, ನನಗಂತೂ ಬೇಡ.

ಲೋಲಕದ ಗಡಿಯಾರ ಕುಲುಕುವ ಗಾಡಿಯಲ್ಲಿ ನಡೆಯುವುದಿಲ್ಲ. ಇದರಲ್ಲಿರುವುದು ಜೇಬುಗಡಿಯಾರದಂಥದೇ, ಅತ್ತಿತ್ತ ತಿರುಗುತ್ತಾ ಲಯ ಕೊಡುವ ಬ್ಯಾಲೆನ್ಸ್ ಚಕ್ರ, ಸ್ಪ್ರಿಂಗ್ ಮಾತ್ರ ಉದ್ದ. ಆದರೆ ಕರಾರುವಾಕ್ಕಾದ ಟೈಮ್ ಬೇಕೆನ್ನುವವರು ಇದನ್ನು ಕೊಳ್ಳಬೇಡಿ. ವಾರ ಕಳೆಯುತ್ತಾ ಸ್ಪ್ರಿಂಗಿನ ಬಲ ಇಳಿದಂತೆ ನಡೆ ಬದಲಾಗುತ್ತದೆ. ಎಂಜಿನ್ ಬಿಸಿಗೆ ಒಳಗಿನ ಎಣ್ಣೆ ಬೇಗ ಒಣಗುತ್ತದೆ. ಎಂಟು ದಿನ ಓಡುತ್ತದೆ ನಿಜ. ಆದರೂ ವಾರಕ್ಕೊಮ್ಮೆ, ಅದೇ ದಿನ ಕೀಲಿ ಕೊಟ್ಟರೆ ಒಳ್ಳೆಯದು. ಎಂಟನೇ ದಿನ ಇಟ್ಟಿರೋದೇ ಮರೆಯುವವರಿಗಾಗಿ!

ಆಮೇಲೆ ಬಂದ ಬ್ಯಾಟರಿ ಗಡಿಯಾರಗಳಿಗೆ ಹೋಲಿಸಿದರೆ ನಾನು ಇದರ ಪರ. ಅವುಗಳಲ್ಲೂ ಸಣ್ಣ ಸ್ಪ್ರಿಂಗ್ ಇರುತ್ತದೆ. ಅದು ಸಡಿಲವಾದಾಗಲೆಲ್ಲ ವಿದ್ಯುತ್ ಕಾಂತವೊಂದು 'ಟಪ್' ಎಂದು ಮತ್ತೆ ಎಳೆದು ಬಿಡುತ್ತದೆ. ಬ್ಯಾಟರಿ ಇಳಿದಿದ್ದರೆ ಎಳೆಯಲು ಬಲ ಸಾಲದೆ ವಿದ್ಯುತ್ ಹರಿಸುವ ಕಾಂಟ್ಯಾಕ್ಟ್ ಅಂಟಿಕೊಂಡು ಸುಟ್ಟುಹೋಗುತ್ತದೆ. ಶೆಡ್ಡಿನಲ್ಲೇ ನಿಂತಿರುವ ಕಾರಿಗೆ ಆ ರಗಳೆ ಯಾಕೆ?

ಒಂದು ಎಚ್ಚರಿಕೆ. ನನ್ನದರ ಅಂಕಿಗಳ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಲೇಪ ಇದೆ. ಇಂಥ ಹಳೇ ಡಯಲ್‌ಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ಬೆರೆಸಿದ ರೇಡಿಯಂ ಎಂಬ ವಿಕಿರಣ ಸೂಸುವ ಲೋಹ ಇರಬಹುದು. ಕತ್ತಲಲ್ಲಿ ಹೊಳೆಯದಿದ್ದರೆ ಅಪಾಯ ಹೋಯಿತು ಅಂದುಕೊಳ್ಳಬೇಡಿ. ಸವೆದಿರುವುದು ಹೊಳೆಯುವ ಸತು ಸಲ್ಫೈಡ್ ಪುಡಿ ಮಾತ್ರ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಗಾಜು ತೆಗೆದು ಕೆರೆಯಬೇಡಿ, ಆ ಧೂಳು ಒಳಗೆ ಹೋಗಬಾರದು. ಸರ್ವೀಸಿಗೆ ಕೊಡುವಾಗಲೂ ಮೊದಲೇ ಹೇಳಿಬಿಡಿ.

ಕೊಳ್ಳುವಾಗ ಡಯಲ್ಲಿನ ಅಂದಕ್ಕೆ ಮರುಳಾಗದೆ ಮೊದಲು ಬಳೆ ತಿರುಗಿಸಿ ನೋಡಿ. ಜಾರಿದರೆ ಬಿಟ್ಟುಬಿಡಿ. ಆ ಹಲ್ಲುಗಳನ್ನು ಹೊಸದಾಗಿ ಮಾಡಿಸುವುದು ಜಾಸ್ತಿ ಖರ್ಚಿನ ಕೆಲಸ. ಆಮೇಲೆ ಕಿವಿಗೆ ಹಿಡಿಯಿರಿ. ಒಳಗಿನ ಯಂತ್ರ ಕಿತ್ತು ಬ್ಯಾಟರಿಯ ಕ್ವಾರ್ಟ್ಜ್ ಯಂತ್ರ ತುಂಬಿ ಮಾರುವವರಿದ್ದಾರೆ. ಸೆಕೆಂಡಿಗೊಂದು ಟಿಕ್ ಕೇಳಿಸಿದರೆ ಅದು ಆ ಪೈಕಿ. ಹಳೇ ಯಂತ್ರ ಚುರುಕು, ಸಾಮಾನ್ಯವಾಗಿ ಸೆಕೆಂಡಿಗೆ ಐದು ಸಲ ಬಡಿಯುತ್ತದೆ.