ಕೀಲು ಸವೆತ: ಸ್ಟಿರಾಯ್ಡ್ ಚುಚ್ಚುಮದ್ದೋ, ಫಿಸಿಯೋಥೆರಪಿಯೋ?

ಮಂಡಿ ಅಥವಾ ಸೊಂಟದ ಕೀಲು ಸವೆದಿದ್ದರೂ ಶಸ್ತ್ರಚಿಕಿತ್ಸೆಯ ಹಂತ ಇನ್ನೂ ಬಾರದಿರುವವರು ಹಲವೊಮ್ಮೆ ಈ ಎರಡರ ನಡುವೆ ಆಯ್ಕೆ ಮಾಡಬೇಕಾಗುತ್ತದೆ. ಸವೆದ ಮೃದ್ವಸ್ಥಿಯನ್ನು, ಅಂದರೆ ಕೀಲಿನಲ್ಲಿ ಮೂಳೆಯ ತುದಿಗಳನ್ನು ಮುಚ್ಚಿರುವ ನುಣುಪಾದ ಪದರವನ್ನು, ಎರಡೂ ಮರಳಿ ಬೆಳೆಸುವುದಿಲ್ಲ.

ಚುಚ್ಚುಮದ್ದಿನ ಗುಣ ಅದರ ವೇಗ. ಉರಿಯೂತ ತಗ್ಗುವುದರಿಂದ ಕೆಲವೇ ದಿನಗಳಲ್ಲಿ ನೋವು ಇಳಿಯುತ್ತದೆ. ಆದರೆ ಆ ಪರಿಣಾಮ ಸಾಮಾನ್ಯವಾಗಿ ಕೆಲವು ವಾರಗಳಷ್ಟೇ ಉಳಿಯುತ್ತದೆ, ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ತಾತ್ಕಾಲಿಕವಾಗಿ ಏರಬಹುದು, ಪದೇ ಪದೇ ಪಡೆದರೆ ಮೃದ್ವಸ್ಥಿಗೇ ಹಾನಿಯಾದೀತೆಂಬ ಆತಂಕವೂ ಇದೆ.

ಫಿಸಿಯೋಥೆರಪಿ ನಿಧಾನ. ತೊಡೆಯ ಮುಂಭಾಗದ ಮತ್ತು ಪೃಷ್ಠದ ಸ್ನಾಯುಗಳು ಬಲಗೊಂಡಂತೆ ನಡೆಯುವಾಗ, ಮೆಟ್ಟಿಲಿಳಿಯುವಾಗ ಕೀಲಿಗೆ ಆಸರೆ ಹೆಚ್ಚುತ್ತದೆ. ಅದಕ್ಕೆ ಆರರಿಂದ ಹನ್ನೆರಡು ವಾರಗಳ ನಿಯಮಿತ ಅಭ್ಯಾಸ ಬೇಕು. (ಶಾಖ ಕೊಟ್ಟು, ಕರೆಂಟ್ ಯಂತ್ರ ಹಚ್ಚಿ ಕಳುಹಿಸುವುದಷ್ಟೇ ಇಲ್ಲಿ ಸಾಲದು, ವ್ಯಾಯಾಮವೇ ಮುಖ್ಯ ಚಿಕಿತ್ಸೆ.) ಆರಂಭದಲ್ಲಿ ತುಸು ನೋವಾದೊಡನೆ ಕೀಲು ಮತ್ತಷ್ಟು ಸವೆಯಿತೆಂದು ಅನೇಕರು ಅಭ್ಯಾಸ ಕೈಬಿಡುತ್ತಾರೆ. ಮರುದಿನದೊಳಗೆ ಮೊದಲಿನ ಮಟ್ಟಕ್ಕೆ ಇಳಿಯುವ ಅಂಥ ನೋವಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಇಳಿಯದಿದ್ದರೆ ವ್ಯಾಯಾಮದ ಪ್ರಮಾಣ ಕಡಿಮೆ ಮಾಡಿಸಿಕೊಳ್ಳಬೇಕು.

ಇವೆರಡನ್ನೂ ನೇರವಾಗಿ ಹೋಲಿಸಿದ, ಅಮೆರಿಕದ ಸೇನಾ ಆರೋಗ್ಯ ವ್ಯವಸ್ಥೆಯಲ್ಲಿ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಮಂಡಿ ಸವೆತವಿದ್ದ 156 ಜನರಲ್ಲಿ, ಒಂದು ವರ್ಷದ ಬಳಿಕ, ಹೆಚ್ಚಾದಷ್ಟೂ ತೊಂದರೆ ಹೆಚ್ಚೆಂದು ಸೂಚಿಸುವ 240 ಅಂಕಗಳ ಮಾಪನದಲ್ಲಿ ಫಿಸಿಯೋಥೆರಪಿ ಪಡೆದವರ ಸರಾಸರಿ 37, ಚುಚ್ಚುಮದ್ದು ಪಡೆದವರದು 55.8 ಇತ್ತು. ಸೊಂಟದ ಕೀಲನ್ನು ಅದು ಪರಿಶೀಲಿಸಿರಲಿಲ್ಲ.

ಹೀಗಾಗಿ ವರ್ಷಗಟ್ಟಲೆ ಓಡಾಡಬೇಕಾದವರಿಗೆ ನಾನು ಮೊದಲು ಹೇಳುವುದು ಫಿಸಿಯೋಥೆರಪಿಯನ್ನೇ. ವ್ಯಾಯಾಮ ಆರಂಭಿಸಲೂ ಆಗದಷ್ಟು ನೋವಿದ್ದವರು ಮಾತ್ರ ವೈದ್ಯರೊಂದಿಗೆ ಚರ್ಚಿಸಿ ಒಂದು ಚುಚ್ಚುಮದ್ದು ಪಡೆದು, ನೋವು ತಗ್ಗಿರುವ ವಾರಗಳಲ್ಲೇ ಅಭ್ಯಾಸಕ್ಕೆ ತೊಡಗಬಹುದು.