ಲ್ಯಾಮಿಂಗ್ಟನ್ ರೋಡ್: ಸೂರ್ಯನ ದಿಕ್ಕು ಹೇಳುವ ಪುಟ್ಟ ಸೆನ್ಸರ್‌ಗೆ ಇಲ್ಲಿ ಏನು ಕೊಳ್ಳಬೇಕು, ಏನು ಬಿಡಬೇಕು

ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ಡಿಗ್ರಿ ಲೆಕ್ಕದಲ್ಲಿ ಹೇಳುವ, ಬೆಂಕಿಪೊಟ್ಟಣದಷ್ಟು ಗಾತ್ರದ ಸೆನ್ಸರ್ ಕಟ್ಟಲು ಬೇಕಾದ ಸಾಮಾನು ಮುಂಬೈಯ ಈ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಲ್ಲಿ ಸಿಗುತ್ತದೆ. ಮಾಟುಂಗ ಕಡೆಯ ಕನ್ನಡಿಗರು ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಪೂರ್ವಕ್ಕೆ ಇಳಿಯಿರಿ. ಭಾನುವಾರ ಬೇಡ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಬಿಡಿ ಭಾಗಗಳಿಗೆ ಈ ಬೀದಿ ಬಹಳ ಒಳ್ಳೆಯದು. ಸಿದ್ಧ ಬೋರ್ಡಿಗಲ್ಲ.

ಸೋಲಾರ್ ಟ್ರ್ಯಾಕರ್ (ಸೂರ್ಯನ ಕಡೆಗೆ ಪ್ಯಾನೆಲ್ ತಿರುಗಿಸುವ ಸಾಧನ) ಎಂದು ಕೇಳಿದರೆ ಕೌಂಟರಿನಲ್ಲಿ ಮೊದಲು ತೋರಿಸುವುದು ನಾಲ್ಕು ಎಲ್‌ಡಿಆರ್ (ಬೆಳಕು ಹೆಚ್ಚಿದಂತೆ ರೋಧ ಇಳಿಯುವ ರೆಸಿಸ್ಟರ್) ಕೂರಿಸಿದ ಬೋರ್ಡ್. ಅದನ್ನು ಬಿಟ್ಟುಬಿಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಎಲ್‌ಡಿಆರ್‌ನ ರೋಧ ಎಷ್ಟು ಇಳಿಯುತ್ತದೆಂದರೆ, ಜೊತೆಗಿರುವ 10 ಕಿಲೋಓಮ್ ರೆಸಿಸ್ಟರಿನ ಎದುರು ನಾಲ್ಕೂ ಒಂದೇ ವೋಲ್ಟೇಜ್ ತೋರುತ್ತವೆ. ಪ್ಯಾನೆಲ್ ತಿರುಗಿಸಲು ಅಷ್ಟು ಸಾಕಾಗಬಹುದು, ಕೋನ ಅಳೆಯಲು ಸಾಲದು.

ಕೇಳಬೇಕಾದದ್ದು ಬಿಪಿಡಬ್ಲ್ಯು34 ಫೋಟೋಡಯೋಡ್, ಅಂದರೆ ಬಿದ್ದ ಬೆಳಕಿಗೆ ತಕ್ಕಷ್ಟು ಕರೆಂಟ್ ಕೊಡುವ ಡಯೋಡ್. ಹತ್ತು ಕೊಂಡು, ಒಂದೇ ಬಿಸಿಲಿನಲ್ಲಿ ಒಂದೇ ಕರೆಂಟ್ ಕೊಡುವ ನಾಲ್ಕನ್ನು ಆರಿಸಿ. ಇದರಲ್ಲಿ ಪಾರದರ್ಶಕ ಮೈಯದೂ ಇದೆ, ಇನ್‌ಫ್ರಾರೆಡ್ ಮಾತ್ರ ಒಳಗೆ ಬಿಡುವ ಕಪ್ಪು ಮೈಯದೂ ಇದೆ. ಎರಡನ್ನೂ ಬೆರೆಸಿದರೆ ಲೆಕ್ಕ ಕೆಡುತ್ತದೆ.

ನಾಲ್ಕನ್ನೂ 45 ಡಿಗ್ರಿ ಇಳಿಜಾರಿನ ಪಿರಮಿಡ್ಡಿನ ಮುಖಗಳ ಮೇಲೆ ಕೂರಿಸಿ. ಎದುರುಬದುರು ಡಯೋಡ್‌ಗಳ ಓದಿನ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಬರುವುದು ನೇರವಾಗಿ ಬಿಸಿಲಿನ ಕೋನದ (ನೆತ್ತಿಯಿಂದ ಅದು ಎಷ್ಟು ವಾಲಿದೆ ಎಂಬುದರ) ಟ್ಯಾನ್. ಬಿಸಿಲು ಚುರುಕಾಗಲಿ ಮಂಕಾಗಲಿ, ಉತ್ತರ ಬದಲಾಗುವುದಿಲ್ಲ. ಈ ವಿನ್ಯಾಸದ ಸೊಗಸೇ ಅದು. ಈ ಕೋನ 45 ಡಿಗ್ರಿ ದಾಟಿದರೆ ಮಾತ್ರ ಒಂದು ಮುಖ ನೆರಳಿಗೆ ಸರಿದು ಲೆಕ್ಕ ಮುರಿಯುತ್ತದೆ. ನಿಖರತೆ ನಿಂತಿರುವುದು ಪಿರಮಿಡ್ಡಿನ ಮೇಲೆ: ಇಳಿಜಾರು 45ರ ಬದಲು 46 ಆದರೆ, 30 ಡಿಗ್ರಿಯ ಬಿಸಿಲನ್ನು ಅದು ಸುಮಾರು 31 ಎನ್ನುತ್ತದೆ. 3ಡಿ ಪ್ರಿಂಟಿಗೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಶಾಖದ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಆದ್ದರಿಂದ ಹೆಚ್ಚು ಶಾಖ ತಡೆಯುವ ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿಸಿ.

ಹೆಚ್ಚಿನವರು ಎಡವುವುದು ರೆಸಿಸ್ಟರಿನಲ್ಲಿ. ಮಂದ ಬೆಳಕಿಗೆಂದು ಬರೆದ ಸರ್ಕ್ಯೂಟ್ ನೋಡಿ 100 ಕಿಲೋಓಮ್ ಹಾಕುತ್ತಾರೆ, ಓದು 3.3 ವೋಲ್ಟಿನ ಹತ್ತಿರ ಅಂಟಿಕೊಳ್ಳುತ್ತದೆ. ಪೂರ್ಣ ಬಿಸಿಲಿನಲ್ಲಿ ಈ ಡಯೋಡ್ ಸುಮಾರು 3 ಮಿಲಿಆಂಪಿಯರ್ ಕೊಡುತ್ತದೆ. ಕ್ಯಾಥೋಡನ್ನು 3.3 ವೋಲ್ಟಿಗೂ, ಆನೋಡನ್ನು 470 ಓಮ್ (ಶೇ. 1ರದು) ಮೂಲಕ ಗ್ರೌಂಡಿಗೂ ಕಟ್ಟಿದರೆ ಆ ರೆಸಿಸ್ಟರಿನ ಮೇಲೆ 1.4 ವೋಲ್ಟ್ ಸಿಗುತ್ತದೆ, ಸಿಗ್ನಲ್ ಹಿಗ್ಗಿಸುವ ಆಪ್‌ಆಂಪ್ ಚಿಪ್ ಬೇಕಿಲ್ಲ. ಕೈಯಿಂದ ಮುಚ್ಚಿದರೂ ಮಲ್ಟಿಮೀಟರ್ ಅಲ್ಲಿ 2.6 ವೋಲ್ಟ್ ತೋರಿಸಿದರೆ ಡಯೋಡ್ ತಿರುಗುಮುರುಗಾಗಿದೆ ಎಂದರ್ಥ.

ಈ ವೋಲ್ಟೇಜ್‌ಗಳನ್ನು ಓದಲು ನಾಲ್ಕು ಚಾನೆಲ್ಲಿನ ಎಡಿಎಸ್1115 (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ಸರಿಹೊಂದುತ್ತದೆ. ಮನೆಗೆ ತಂದ ಮೇಲೆ ಕಚ್ಚಾ ಓದನ್ನು ಬೈನರಿಯಲ್ಲಿ ನೋಡಿ. ಕೊನೆಯ ನಾಲ್ಕು ಬಿಟ್ ಸದಾ ಸೊನ್ನೆಯಾಗಿದ್ದರೆ ಒಳಗಿರುವುದು 16 ಬಿಟ್ಟಿನದಲ್ಲ, 12 ಬಿಟ್ಟಿನ ಚಿಪ್. ಹಿಂತಿರುಗಿಸುವ ಮಾತನ್ನು ಕೊಳ್ಳುವಾಗಲೇ ಆಡಿ, ಬಿಲ್ ಕೇಳಿ ತೆಗೆದುಕೊಳ್ಳಿ. ಒಂದೇ ಚಿಪ್ಪಿನಲ್ಲಿ ನಾಲ್ಕು ಭಾಗವಿರುವ ಕ್ವಾಡ್ರಂಟ್ ಡಯೋಡನ್ನು ಇಲ್ಲಿ ಹುಡುಕಿ ದಿನ ಕಳೆಯಬೇಡಿ, ಆನ್‌ಲೈನ್ ತರಿಸುವುದು ಮೇಲು.

ಉಳಿಯುವ ದೊಡ್ಡ ತಪ್ಪು ಚದುರಿದ ಬೆಳಕಿನದು. ಪಕ್ಕದ ಕಟ್ಟಡದ ಬಿಳಿ ಗೋಡೆ, ಮಬ್ಬು ಆಕಾಶ ಎರಡೂ ಉತ್ತರವನ್ನು ತಮ್ಮ ಕಡೆಗೆ ಎಳೆಯುತ್ತವೆ. ಉಪಗ್ರಹಗಳಲ್ಲೂ ಇದೇ ತೊಂದರೆ: ಭೂಮಿ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಶೇ. 30ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ತೆರೆದ ತಾರಸಿಯಲ್ಲೇ ಪರೀಕ್ಷಿಸಿ.

ಪರೀಕ್ಷೆಗೆ ಒಳ್ಳೆಯದು ಶೂನ್ಯ ನೆರಳಿನ ದಿನ, ಅಂದು ನಡುಹಗಲಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲೇ ಆಗಿಹೋಗುವ ಆ ದಿನ ಮುಂಬೈಗೆ ಮೇ 15ರ ಸುಮಾರಿಗೆ ಬರುತ್ತದೆ. ಅಂದು 12:35ರ ಹೊತ್ತಿಗೆ, ಮಟ್ಟವಾಗಿ ಇಟ್ಟ ಸೆನ್ಸರ್ ಎರಡೂ ಅಕ್ಷಗಳಲ್ಲಿ ಸೊನ್ನೆ ತೋರಬೇಕು. 40 ನಿಮಿಷದ ನಂತರ ಪಶ್ಚಿಮಕ್ಕೆ ಒಂಬತ್ತೂವರೆ ಡಿಗ್ರಿ. ಹತ್ತು ಬಂದರೆ ಪಿರಮಿಡ್ಡನ್ನೊಮ್ಮೆ ಅಳೆದು ನೋಡಿ. ಜುಲೈ ಕೊನೆಯಲ್ಲಿ ಎರಡನೆಯ ಸಲ ಬರುವ ಶೂನ್ಯ ನೆರಳಿನ ದಿನ ಮಳೆಮೋಡದಲ್ಲಿ ಕಳೆದುಹೋಗುತ್ತದೆ, ಹಾಗಾಗಿ ಸಾಮಾನನ್ನು ಏಪ್ರಿಲ್‌ನಲ್ಲೇ ಕೊಂಡಿಟ್ಟುಕೊಳ್ಳಿ.